ಪ್ಯಾಟ್ ಸಮಿಟ್ ಹೆಸರು ಯಾಕೆ ಯಾರೂ ಎತ್ತಲಿಲ್ಲ? ಕಾಲೇಜು ಬಾಸ್ಕೆಟ್‌ಬಾಲ್ ಕೋಚ್‌ಗಳ ಬಗ್ಗೆ ಇನ್ನೊಂದು ಚರ್ಚೆ

ಪಾಯಿಂಟ್‌ಗಾರ್ಡ್ ಶಿವಮೊಗ್ಗ

ಹೋದ ವಾರ ಇಲ್ಲಿ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಕೋಚ್‌ಗಳ ಬಗ್ಗೆ ಒಳ್ಳೆ ಮಾತುಕತೆ ನಡೆಯಿತು. ಜಾನ್ ವುಡನ್ ಬಂದರು, ಡೀನ್ ಸ್ಮಿತ್ ಬಂದರು, ಮೈಕ್ ಶಶೆಫ್ಸ್ಕಿ ಬಂದರು. ಪೂರ್ತಿ ಓದಿದೆ. ಪ್ಯಾಟ್ ಸಮಿಟ್ ಹೆಸರು ಎಲ್ಲೂ ಸಿಗಲಿಲ್ಲ. ನಿಜಕ್ಕೂ ಬೇಜಾರಾಯಿತು, ಅದಕ್ಕೇ ಇದನ್ನು ಶುರು ಮಾಡಿದೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಟೆನೆಸ್ಸೀ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ 1974ರಿಂದ 2012ರವರೆಗೆ ಅವರೇ ಹೆಡ್ ಕೋಚ್. 38 ಸೀಸನ್, 1,098 ಗೆಲುವು, 208 ಸೋಲು. ಎಂಟು ಸಲ ರಾಷ್ಟ್ರೀಯ ಚಾಂಪಿಯನ್. ಗೆಲುವಿಗಿಂತ ಸೋಲು ಜಾಸ್ತಿ ಆದ ಸೀಸನ್ ಒಂದೂ ಇಲ್ಲ.

ನನಗೆ ಈ ಲೆಕ್ಕಕ್ಕಿಂತ ಅವರ ಮೊದಲ ವರ್ಷದ ಕತೆ ಇಷ್ಟ. ಅವರು ಕೋಚ್ ಆಗಬೇಕು ಅಂತ ಅಲ್ಲಿಗೆ ಹೋದವರಲ್ಲ. ಮುಂದಿನ ಓದಿಗೆ ಹೋಗಿದ್ದರು, ಜೊತೆಗೆ ತಂಡದಲ್ಲಿ ಸಹಾಯಕಿಯ ಕೆಲಸ. ಇದ್ದ ಕೋಚ್ ರಜೆ ಮೇಲೆ ಹೋದರು, 22 ವರ್ಷದ ಹುಡುಗಿಯ ಕೈಗೆ ತಂಡ ಬಂತು. ಅವರಿಗಿಂತ ಒಂದೇ ವರ್ಷ ಚಿಕ್ಕವರು ತಂಡದಲ್ಲಿ ಆಡುತ್ತಿದ್ದರು! ಸಂಬಳ ತಿಂಗಳಿಗೆ 250 ಡಾಲರ್. ಪಂದ್ಯಕ್ಕೆ ಹೋಗುವಾಗ ವ್ಯಾನ್ ಓಡಿಸುವವರು ಅವರೇ, ವಾಪಸ್ ಬಂದ ಮೇಲೆ ಜೆರ್ಸಿ ಒಗೆಯುವವರೂ ಅವರೇ. ಆ ಜೆರ್ಸಿಗಳೂ ಡೋನಟ್ ಮಾರಿ ಬಂದ ದುಡ್ಡಿನಲ್ಲಿ ಕೊಂಡವು. ಒಂದು ಸಲವಂತೂ ಎದುರಾಳಿ ತಂಡದ ಜಿಮ್‌ನಲ್ಲೇ ಮ್ಯಾಟ್ ಹಾಸಿಕೊಂಡು ಎಲ್ಲರೂ ಮಲಗಿದ್ದರಂತೆ, ಮಾರನೇ ದಿನ ಅಲ್ಲೇ ಪಂದ್ಯ. ಮೊದಲ ಪಂದ್ಯ 1974ರ ಡಿಸೆಂಬರ್ 7ರಂದು, ಮರ್ಸರ್ ವಿರುದ್ಧ. 84-83, ಒಂದೇ ಒಂದು ಪಾಯಿಂಟ್‌ನಿಂದ ಸೋತರು.

ನಾನು ಡಿಗ್ರಿ ಕಾಲೇಜಿನಲ್ಲಿ ಮೂರು ವರ್ಷ ಆಡಿದವಳು. ಹುಡುಗರ ತಂಡದ ಹಳೇ ಜೆರ್ಸಿ ಹಾಕಿಕೊಂಡು ಪಂದ್ಯಕ್ಕೆ ಹೋಗುತ್ತಿದ್ದೆವು, ತೋಳು ಮೊಣಕೈವರೆಗೆ ಬರುತ್ತಿತ್ತು, ಹೊಲಿದು ಚಿಕ್ಕದು ಮಾಡಿಕೊಳ್ಳುತ್ತಿದ್ದೆವು. ಒಂದು ವರ್ಷದ ಬಸ್ ಚಾರ್ಜು ಕಾಲೇಜಿನಿಂದ ಕೊನೆಗೂ ಬರಲಿಲ್ಲ, ನಮ್ಮ ಮೇಡಂ ಕೈಯಿಂದ ಹಾಕಿದರು. ಯಾವ ಕಾಲೇಜು ಅಂತ ಹೇಳುವುದು ಬೇಡ, ಈಗ ಅದರಿಂದ ಏನೂ ಆಗಬೇಕಾಗಿಲ್ಲ. ಆದರೆ 1,098 ಅಂದ ತಕ್ಷಣ ನನ್ನ ಕಣ್ಣ ಮುಂದೆ ಬರುವುದು ಆ ವ್ಯಾನ್.

ನನ್ನ ಮಾತು ಇಷ್ಟೇ. ವುಡನ್‌ಗೆ, ಸ್ಮಿತ್‌ಗೆ ಕೋಚ್ ಅನ್ನುವ ಒಂದು ಕೆಲಸ ಮೊದಲೇ ಇತ್ತು, ಅವರು ಬಂದು ಅದನ್ನು ಬೇರೆಯವರಿಗಿಂತ ಚೆನ್ನಾಗಿ ಮಾಡಿದರು. ಪ್ಯಾಟ್‌ಗೆ ಆ ಕೆಲಸವೇ ಇರಲಿಲ್ಲ. ಮಾಡುತ್ತಾ ಮಾಡುತ್ತಾ ಅದನ್ನು ಒಂದು ಕೆಲಸವಾಗಿ ಕಟ್ಟಿದರು. ನೀವೇನಂತೀರಿ?

ಹಳೇ ಸ್ಕೋರರ್

ಮೇಡಂ, ಆ ಚರ್ಚೆಯಲ್ಲಿ ವುಡನ್ ಹೆಸರು ಎತ್ತಿದವನು ನಾನೇ. ಪ್ಯಾಟ್ ಸಮಿಟ್ ದೊಡ್ಡವರಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಹೋಲಿಕೆ ಕಷ್ಟ. ವುಡನ್ 1964ರಿಂದ 1975ರೊಳಗೆ 12 ವರ್ಷದಲ್ಲಿ 10 ಪ್ರಶಸ್ತಿ ಗೆದ್ದರು, ಅದರಲ್ಲಿ ಏಳು ಸತತವಾಗಿ. ಪುರುಷರ ಆಟದಲ್ಲಿ ಆಗಲೇ ನೂರಾರು ಕಾಲೇಜುಗಳು ದುಡ್ಡು ಸುರಿಯುತ್ತಿದ್ದವು. ಮಹಿಳಾ ಆಟದಲ್ಲಿ 70ರ, 80ರ ದಶಕದಲ್ಲಿ ಗಂಭೀರವಾಗಿ ತಂಡ ಕಟ್ಟಿದ ಕಾಲೇಜು ಬೆರಳೆಣಿಕೆ. ಪೈಪೋಟಿ ಕಡಿಮೆ ಇದ್ದಾಗ ಗೆಲುವು ಜಾಸ್ತಿ ಆಗುವುದು ಸಹಜ ಅಲ್ವಾ? ತಪ್ಪಿದ್ದರೆ ಹೇಳಿ, ತಿದ್ದಿಕೊಳ್ಳುತ್ತೇನೆ.

ನಾಕ್ಸ್‌ವಿಲ್ ಕನ್ನಡಿಗ

ಈ ಹೆಸರು ಕನ್ನಡದಲ್ಲಿ ಓದಿ ಬಹಳ ಖುಷಿಯಾಯಿತು. ಟೆನೆಸ್ಸೀ ವಿಶ್ವವಿದ್ಯಾಲಯ ಇರುವ ಊರು ನಾಕ್ಸ್‌ವಿಲ್, ನಾನು ಇಲ್ಲಿಗೆ ಬಂದು 20 ವರ್ಷ ದಾಟಿತು. ಮೂಲ ತುಮಕೂರು ಕಡೆ. ಬಂದ ಹೊಸದರಲ್ಲಿ ಬಾಸ್ಕೆಟ್‌ಬಾಲ್ ಗಂಧಗಾಳಿ ಇರಲಿಲ್ಲ. ಆಫೀಸಿನವರು ಕರೆದುಕೊಂಡು ಹೋದರು. ಮಹಿಳೆಯರ ಪಂದ್ಯಕ್ಕೆ ಅಷ್ಟು ದೊಡ್ಡ ಅಂಗಳ ತುಂಬ ಕಿತ್ತಳೆ ಬಣ್ಣದ ಅಂಗಿ ಹಾಕಿದ ಜನ, ಅಜ್ಜ ಅಜ್ಜಿಯರು, ಚಿಕ್ಕ ಹೆಣ್ಣುಮಕ್ಕಳು. ನಮ್ಮ ಊರಿನ ಜಾತ್ರೆ ನೆನಪಾಯಿತು. ಮೊದಲ ಸೀಸನ್‌ನಲ್ಲಿ ಇವರ ಆಟ ನೋಡಲು ಐವತ್ತು ಚಿಲ್ಲರೆ ಜನ ಬರುತ್ತಿದ್ದರು ಅಂತ ಪಕ್ಕದಲ್ಲಿ ಕೂತವರು ಹೇಳಿದಾಗ ನಂಬಲು ಆಗಲಿಲ್ಲ.

ಅವರು ಹುಟ್ಟಿದ್ದು 1952ರಲ್ಲಿ, ಇದೇ ಟೆನೆಸ್ಸೀ ರಾಜ್ಯದ ಕ್ಲಾರ್ಕ್ಸ್‌ವಿಲ್‌ನಲ್ಲಿ. ರೈತರ ಮನೆ. ಹುಲ್ಲು ಒಟ್ಟುವ ಅಟ್ಟದ ಮೇಲೆ ಅಣ್ಣಂದಿರ ಜೊತೆ ರಾತ್ರಿ ಬಾಸ್ಕೆಟ್‌ಬಾಲ್ ಆಡುತ್ತಿದ್ದರು. ಅವರ ಹೈಸ್ಕೂಲಿನ ಸಮಯಕ್ಕೆ ಊರಿನಲ್ಲಿ ಹುಡುಗಿಯರ ತಂಡ ಇರಲಿಲ್ಲ ಅಂತ ಇಡೀ ಮನೆಯೇ ಪಕ್ಕದ ಹೆನ್ರಿಯೆಟ್ಟಾಗೆ ಹೋಯಿತು. ಮಗಳು ಆಡಲಿ ಅಂತ ರೈತ ಒಬ್ಬ ಮನೆ ಬದಲಿಸುವುದು ಸಣ್ಣ ಮಾತಲ್ಲ. ಅವರ ಅಪ್ಪ ಬಹಳ ಬಿಗಿ ಮನುಷ್ಯ. ಆದರೆ 1974ರಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದು ಡಾಕ್ಟರು ಆಟ ಬಿಡಬೇಕು ಅಂದಾಗ, ಸರಿ ಮಾಡಿ, ಇವಳು ಒಲಿಂಪಿಕ್ಸ್‌ಗೆ ಹೋಗಬೇಕು ಅಂದವರೂ ಅದೇ ಅಪ್ಪ. ಹೋದರು ಕೂಡ. 1976ರ ಮಾಂಟ್ರಿಯಲ್, ಒಲಿಂಪಿಕ್ಸ್‌ನಲ್ಲಿ ಮಹಿಳಾ ಬಾಸ್ಕೆಟ್‌ಬಾಲ್ ಶುರುವಾದದ್ದೇ ಆ ವರ್ಷ. ಬೆಳ್ಳಿ ಬಂತು. 1984ರಲ್ಲಿ ಲಾಸ್ ಏಂಜಲೀಸ್‌ಗೆ ಅಮೆರಿಕದ ಕೋಚ್ ಆಗಿ ಹೋಗಿ ಚಿನ್ನ ತಂದರು.

ಅಂದರೆ ಆ ಮೊದಲ ವರ್ಷಗಳಲ್ಲಿ ಬರೀ ಕೋಚ್ ಕೆಲಸ ಅಲ್ಲ. ಬೆಳಿಗ್ಗೆ ತಾನು ಓದುವುದು, ಬೇರೆಯವರಿಗೆ ಪಾಠ ಮಾಡುವುದು, ತಂಡಕ್ಕೆ ಅಭ್ಯಾಸ ಮಾಡಿಸುವುದು, ಆಮೇಲೆ ಒಲಿಂಪಿಕ್ಸ್‌ಗೆ ಅಂತ ತನ್ನ ಮೊಣಕಾಲು ಪಳಗಿಸುವುದು.

ಪಾಯಿಂಟ್‌ಗಾರ್ಡ್ ಶಿವಮೊಗ್ಗ

ಸ್ಕೋರರ್ ಸರ್, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಶುರುವಿನಲ್ಲಿ ಪೈಪೋಟಿ ಕಡಿಮೆ ಇತ್ತು, ಒಪ್ಪುತ್ತೇನೆ. ಆದರೆ ಒಂದು ನೋಡಿ. ಆ ಕಡಿಮೆ ಪೈಪೋಟಿಯ ಕಾಲದಲ್ಲಿ ಅವರು ಒಂದೂ ಪ್ರಶಸ್ತಿ ಗೆಲ್ಲಲಿಲ್ಲ! ಏಳು ಸಲ ಕೊನೆಯ ನಾಲ್ಕರ ಹಂತಕ್ಕೆ ಹೋಗಿ ಬರಿಗೈಯಲ್ಲಿ ಬಂದರು. ಎಂಟನೇ ಸಲ, 1987ರಲ್ಲಿ, ಲೂಸಿಯಾನಾ ಟೆಕ್ ವಿರುದ್ಧ 67-44ರಿಂದ ಗೆದ್ದರು. 13 ವರ್ಷ ಆಗಿತ್ತು ಅಷ್ಟರಲ್ಲಿ. ಆಮೇಲೆ 1989, 1991, ಮತ್ತೆ 1996, 97, 98 ಸತತ ಮೂರು, ಕೊನೆಗೆ 2007 ಮತ್ತು 2008. ಆಟ ಬೆಳೆದಂತೆ, ದುಡ್ಡು ಬಂದಂತೆ, ಪೈಪೋಟಿ ಜಾಸ್ತಿ ಆದಂತೆ ಅವರ ಪ್ರಶಸ್ತಿಗಳೂ ಜಾಸ್ತಿ ಆದವು. ಸುಮ್ನೆ ಖಾಲಿ ಮೈದಾನದಲ್ಲಿ ಓಡಿ ಗೆದ್ದವರ ಲೆಕ್ಕ ಹೀಗಿರುವುದಿಲ್ಲ.

ಆ ಮೂರರಲ್ಲಿ 1998ರ ತಂಡವನ್ನು ಎಲ್ಲರೂ ಹೊಗಳುತ್ತಾರೆ. 39 ಪಂದ್ಯ, 39 ಗೆಲುವು, ಶಮೀಕ್ ಹೋಲ್ಡ್ಸ್‌ಕ್ಲಾ, ತಮೀಕಾ ಕ್ಯಾಚಿಂಗ್ಸ್ ಇದ್ದ ತಂಡ. ನನಗೆ ಮಾತ್ರ 1997ರದೇ ಜಾಸ್ತಿ ಇಷ್ಟ. ಆ ವರ್ಷ 10 ಪಂದ್ಯ ಸೋತಿದ್ದರು. ಸೀಸನ್ ಶುರುವಾಗುವ ಮೊದಲೇ ಪಾಯಿಂಟ್‌ಗಾರ್ಡ್, ಅಂದರೆ ಅಂಗಳದಲ್ಲಿ ಆಟ ನಡೆಸುವವಳು, ಕೆಲ್ಲೀ ಜಾಲಿ ಮೊಣಕಾಲು ಪೆಟ್ಟು ಮಾಡಿಕೊಂಡರು. ನಾನೂ ಅದೇ ಜಾಗದಲ್ಲಿ ಆಡಿದವಳು, ಪಾಯಿಂಟ್‌ಗಾರ್ಡ್ ಇಲ್ಲದೆ ತಂಡ ಹೇಗೆ ಕುಂಟುತ್ತದೆ ಅಂತ ಚೆನ್ನಾಗಿ ಗೊತ್ತು. ಹತ್ತು ಸಲ ಸೋತ ತಂಡ ರಾಷ್ಟ್ರೀಯ ಟೂರ್ನಿಯ ಮಾರ್ಚ್ ತಿಂಗಳಿಗೆ ಬರುವಷ್ಟರಲ್ಲಿ ಚಾಂಪಿಯನ್ ಆಗುವಂತೆ ಮಾಡುವುದು, ಕೋಚ್ ಅಂದರೆ ಅದು.

ಹಳೇ ಸ್ಕೋರರ್

1987ಕ್ಕೂ ಮೊದಲು ಏಳು ಸಲ ಸೋತಿದ್ದು ನನಗೆ ಗೊತ್ತಿರಲಿಲ್ಲ. ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ, ಪೂರ್ತಿ ಅಲ್ಲದಿದ್ದರೂ ಅರ್ಧ.

ನಾಕ್ಸ್‌ವಿಲ್ ಕನ್ನಡಿಗ

ಕೆಲಸವನ್ನೇ ಕಟ್ಟಿದರು ಅಂದಿರಲ್ಲ ಮೇಡಂ, ಅದಕ್ಕೆ ಒಂದು ಸೇರಿಸುತ್ತೇನೆ. ಇದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಆಗ ಟೆನೆಸ್ಸೀ ಹೈಸ್ಕೂಲುಗಳಲ್ಲಿ ಹುಡುಗಿಯರ ಆಟವೇ ಬೇರೆ. ಒಂದು ಕಡೆ ಆರು ಜನ. ಮೂವರು ಬರೀ ಬಾಲ್ ಹಾಕುವವರು, ಮೂವರು ಬರೀ ತಡೆಯುವವರು. ಯಾರೂ ನಡುಗೆರೆ ದಾಟುವ ಹಾಗಿಲ್ಲ! ಹುಡುಗಿಯರಿಗೆ ಇಡೀ ಅಂಗಳ ಓಡಲು ಆಗುವುದಿಲ್ಲ ಅನ್ನುವ ನಂಬಿಕೆ. ಪ್ಯಾಟ್ ಕೂಡ ಹೈಸ್ಕೂಲಿನಲ್ಲಿ ಅದನ್ನೇ ಆಡಿದವರು. ಅರ್ಧ ಅಂಗಳದಲ್ಲಿ ಬೆಳೆದ ಹುಡುಗಿ ಕಾಲೇಜಿಗೆ ಬಂದು ಪೂರ್ತಿ ಅಂಗಳ ಹೇಗೆ ಆಡಬೇಕು? ಈ ಪದ್ಧತಿ ಬದಲಾಗದಿದ್ದರೆ ನಮ್ಮ ರಾಜ್ಯದ ಹುಡುಗಿಯರನ್ನು ತಂಡಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಅವರು ಗಟ್ಟಿಯಾಗಿ ಹೇಳಿದರು. ತನ್ನ ಊರಿನ ಜನರಿಗೇ ಆ ಮಾತು ಹೇಳಲು ಧೈರ್ಯ ಬೇಕು. 70ರ ದಶಕದ ಕೊನೆಗೆ ಆ ನಿಯಮ ಹೋಯಿತು.

ಇನ್ನು ಸಂಬಳ. 250 ಡಾಲರ್‌ನಿಂದ ಶುರುವಾದವರು 2006ರಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್ ತಲುಪಿದರು. ಮಹಿಳಾ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಅಷ್ಟು ಸಂಬಳ ಪಡೆದ ಮೊದಲ ಕೋಚ್. ಪುರುಷರ ತಂಡಕ್ಕೆ ಕೋಚ್ ಆಗಿ ಅಂತ ಟೆನೆಸ್ಸೀಯವರೇ ಕೇಳಿದ್ದರು. ಅದು ಯಾಕೆ ಮೇಲಿನ ಹುದ್ದೆ ಅಂದುಕೊಳ್ಳುತ್ತೀರಿ ಅನ್ನುವುದು ಅವರ ಪ್ರಶ್ನೆ. ಹೋಗಲಿಲ್ಲ.

ಯೂಕಾನ್ ಕಡೆಯವ

ನಾನು ಕನೆಟಿಕಟ್‌ನಲ್ಲಿ ಓದಿದವನು, ಹಾಗಾಗಿ ಇನ್ನೊಂದು ಪಕ್ಷದ ಮಾತೂ ಇರಲಿ. 1995ರಲ್ಲಿ ಯೂಕಾನ್ (ಕನೆಟಿಕಟ್ ವಿಶ್ವವಿದ್ಯಾಲಯ) ಮತ್ತು ಟೆನೆಸ್ಸೀ ಮೊದಲ ಸಲ ಆಡಿದವು. ಆಮೇಲಿನ 12 ವರ್ಷ ಮಹಿಳಾ ಬಾಸ್ಕೆಟ್‌ಬಾಲ್ ಅಂದರೆ ಈ ಎರಡು ತಂಡಗಳೇ. ರಾಷ್ಟ್ರೀಯ ಫೈನಲ್‌ನಲ್ಲಿ ನಾಲ್ಕು ಸಲ ಎದುರಾದವು, 1995, 2000, 2003, 2004. ನಾಲ್ಕರಲ್ಲೂ ಗೆದ್ದದ್ದು ಕೋಚ್ ಜೀನೋ ಆರಿಯೆಮ್ಮಾ ಅವರ ಯೂಕಾನ್. ಒಟ್ಟು 22 ಪಂದ್ಯದಲ್ಲಿ ಯೂಕಾನ್ 13, ಟೆನೆಸ್ಸೀ 9. 2007ರ ನಂತರ ಪ್ಯಾಟ್ ಈ ಪಂದ್ಯವನ್ನೇ ನಿಲ್ಲಿಸಿಬಿಟ್ಟರು. ಅದು ನನಗೆ ಈಗಲೂ ಸರಿ ಅನ್ನಿಸುವುದಿಲ್ಲ. ಇಡೀ ದೇಶ ಟಿವಿ ಮುಂದೆ ಕೂತು ನೋಡುತ್ತಿದ್ದ ಪಂದ್ಯ ಅದು. ಆಟ ಬೆಳೆಸಿದವರೇ ಆಟದ ಅತಿ ದೊಡ್ಡ ಪಂದ್ಯ ನಿಲ್ಲಿಸಿದರು. 2020ರಲ್ಲಿ ಮತ್ತೆ ಶುರುವಾಗುವಷ್ಟರಲ್ಲಿ ಒಂದು ತಲೆಮಾರಿನ ಆಟಗಾರ್ತಿಯರು ಅದಿಲ್ಲದೆ ಬಂದು ಹೋಗಿದ್ದರು.

ಗೆಲುವಿನ ಲೆಕ್ಕದಲ್ಲೂ ಈಗ ಅವರು ಮೊದಲಿಲ್ಲ. 2020ರ ಡಿಸೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ತಾರಾ ವ್ಯಾನ್‌ಡರ್‌ವೀರ್ 1,098 ದಾಟಿದರು, 2024ರಲ್ಲಿ ಜೀನೋ ತಾರಾರನ್ನೂ ದಾಟಿದರು.

ನಾಕ್ಸ್‌ವಿಲ್ ಕನ್ನಡಿಗ

ಯೂಕಾನ್ ಕಡೆಯವರೇ, ಪಂದ್ಯ ನಿಲ್ಲಿಸಿದ್ದು ನಮಗೂ ನೋವಿನ ವಿಷಯ. ಇಲ್ಲಿನ ಜನರೂ ಆ ಪಂದ್ಯಕ್ಕೆ ಕಾಯುತ್ತಿದ್ದರು. ಸರಿ ಅಂತ ವಾದಿಸಲು ನಾನು ಬರುವುದಿಲ್ಲ. ಆದರೆ 2011ರಲ್ಲಿ ಪ್ಯಾಟ್ ತಮ್ಮ ಕಾಯಿಲೆಗೆ ಸಂಬಂಧಿಸಿದ ಫೌಂಡೇಶನ್ ಶುರು ಮಾಡಿದಾಗ 10,000 ಡಾಲರ್ ಕೊಟ್ಟವರಲ್ಲಿ ಜೀನೋ ಕೂಡ ಇದ್ದರು. ಅದನ್ನು ಇಲ್ಲಿ ಯಾರೂ ಮರೆತಿಲ್ಲ.

ಪಿಟಿ ಮೇಷ್ಟ್ರು, ಮಂಡ್ಯ ಜಿಲ್ಲೆ

ನಾನು ಸರ್ಕಾರಿ ಪಿಯು ಕಾಲೇಜಿನಲ್ಲಿ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಸಿಮೆಂಟ್ ಅಂಗಳ, ಒಂದು ಕಡೆ ಬೋರ್ಡ್ ಬಿರುಕು ಬಿಟ್ಟಿದೆ, ನಡೆಯುತ್ತದೆ. ಪ್ಯಾಟ್ ಬಗ್ಗೆ ಓದಿದ ಎಲ್ಲದರಲ್ಲಿ ನನಗೆ ಹಿಡಿಸಿದ್ದು ಅಂಗಳದ ವಿಷಯ ಅಲ್ಲ, ಕ್ಲಾಸ್‌ರೂಮಿನ ವಿಷಯ. ಅವರ ಆಟಗಾರ್ತಿಯರು ತರಗತಿಯಲ್ಲಿ ಮೊದಲ ಮೂರು ಸಾಲಿನಲ್ಲೇ ಕೂರಬೇಕು. ಕಾರಣ ಇಲ್ಲದೆ ಕ್ಲಾಸ್ ತಪ್ಪಿಸುವ ಹಾಗಿಲ್ಲ. ನಾಲ್ಕು ವರ್ಷ ಪೂರ್ತಿ ಅವರ ಕೈಕೆಳಗೆ ಆಡಿದ ಎಲ್ಲರೂ ಡಿಗ್ರಿ ಮುಗಿಸಿದ್ದಾರೆ, ಎಲ್ಲರೂ! ನಮ್ಮಲ್ಲಿ ಆಟ ಆಡುವ ಹುಡುಗಿಯ ಮನೆಗೆ ಹೋದರೆ ಮೊದಲು ಕೇಳುವ ಪ್ರಶ್ನೆ ಏನು ಹೇಳಿ, "ಸಾರ್, ಓದು ಹಾಳಾಗಲ್ವಾ?" ಅಂತ. ನನ್ನ ಹತ್ತಿರ ಅದಕ್ಕೆ ಸರಿಯಾದ ಉತ್ತರ ಇರಲಿಲ್ಲ. ಈಗ ಎರಡು ವರ್ಷದಿಂದ ಮೂರು ಸಾಲಿನ ನಿಯಮ ನಮ್ಮ ತಂಡದಲ್ಲೂ ಇದೆ. ಲೆಕ್ಚರರ್‌ಗಳು ಮೊದಲು ಆಟದ ಪಿರಿಯಡ್‌ಗೆ ಹುಡುಗಿಯರನ್ನು ಬಿಡಲು ಒಪ್ಪುತ್ತಿರಲಿಲ್ಲ, ಈಗ ಅವರೇ ಕಳಿಸುತ್ತಾರೆ.

ಇನ್ನೊಂದು, ಅವರ ತಂಡ ಅಭ್ಯಾಸ ಮಾಡುತ್ತಿದ್ದದ್ದು ಗಂಡು ವಿದ್ಯಾರ್ಥಿಗಳ ವಿರುದ್ಧ. ಜಾಸ್ತಿ ಎತ್ತರ, ಜಾಸ್ತಿ ವೇಗ, ಅವರನ್ನು ತಡೆದು ಕಲಿತವರಿಗೆ ಪಂದ್ಯ ಹಗುರ. ಇದನ್ನೂ ಮಾಡಿಸಬೇಕು ಅಂತ ಆಸೆ. ಇನ್ನೂ ಆಗಿಲ್ಲ.

ಆಟ ಬಿಟ್ಟವಳು

ಎಲ್ಲರೂ ಹೊಗಳುತ್ತಿದ್ದೀರಿ, ಸ್ವಲ್ಪ ಬೇರೆ ಮಾತು ಹೇಳಲೇ? ಅವರ ದಿಟ್ಟಿಸುವ ನೋಟದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಟೈಮ್‌ಔಟ್‌ನಲ್ಲಿ ಆ ನೀಲಿ ಕಣ್ಣಿಂದ ನೋಡಿದರೆ ಆಟಗಾರ್ತಿಯರು ನಡುಗುತ್ತಿದ್ದರಂತೆ. ನನಗೂ ಒಬ್ಬ ಕೋಚ್ ಇದ್ದರು, ಹೆಸರು ಬೇಡ. ಬೈದು ಬೈದು ಹದಿನೇಳನೇ ವಯಸ್ಸಿಗೆ ನಾನು ಬಾಲ್ ಮುಟ್ಟುವುದನ್ನೇ ಬಿಟ್ಟೆ. ಬಿಗಿ ಕೋಚ್‌ಗಳ ಕತೆಯಲ್ಲಿ ಗೆದ್ದವರು ಮಾತ್ರ ಮಾತಾಡುತ್ತಾರೆ, ಬಿಟ್ಟು ಹೋದವರು ಮಾತಾಡುವುದಿಲ್ಲ. ಅದಕ್ಕೇ ಇಂಥ ಹೊಗಳಿಕೆ ಓದಿದಾಗ ನನಗೆ ಭಯವಾಗುತ್ತದೆ.

ಪಾಯಿಂಟ್‌ಗಾರ್ಡ್ ಶಿವಮೊಗ್ಗ

ಅಕ್ಕ, ನೀವು ಬರೆದದ್ದು ಎರಡು ಸಲ ಓದಿದೆ. ನಿಮಗೆ ಆದದ್ದು ತಪ್ಪು. ಅದನ್ನು ಶಿಸ್ತು ಅಂತ ಯಾರೂ ಮುಚ್ಚಿಹಾಕಬಾರದು.

ಪ್ಯಾಟ್ ಕೂಡ ಶುರುವಿನಲ್ಲಿ ವಿಪರೀತ ಬಿಗಿ, ತಾನು ಅಪ್ಪನಂತೆ ಇದ್ದೆ ಅಂತ ಅವರಿಗೇ ಗೊತ್ತಿತ್ತು. ಎಲ್ಲರಿಗೂ ಅದು ಒಗ್ಗಲಿಲ್ಲ, ಬಿಟ್ಟು ಹೋದವರೂ ಇದ್ದಾರೆ. ವರ್ಷ ಕಳೆದಂತೆ ಬದಲಾದರು. ವ್ಯತ್ಯಾಸ ಎಲ್ಲಿ ಅಂದರೆ, ನನಗೆ ಅನ್ನಿಸುವುದು, ಅವರು ಆಟಗಾರ್ತಿಗಾಗಿ ತಾವೂ ಅಷ್ಟೇ ಕಷ್ಟ ಪಡುತ್ತಿದ್ದರು. 1990ರಲ್ಲಿ ತುಂಬು ಗರ್ಭಿಣಿ, ಆದರೂ ಮಿಶೆಲ್ ಮಾರ್ಸಿನಿಯಾಕ್ ಅನ್ನುವ ಹುಡುಗಿಯನ್ನು ತಂಡಕ್ಕೆ ಕರೆಯಲು ಪೆನ್ಸಿಲ್ವೇನಿಯಾಗೆ ವಿಮಾನ ಹತ್ತಿ ಹೋದರು. ಆ ಹುಡುಗಿಯ ಮನೆಯಲ್ಲೇ ಪ್ಯಾಟ್‌ಗೆ ಹೆರಿಗೆ ನೋವು ಶುರುವಾಯಿತು. ವಾಪಸ್ ಬರುವಾಗ ಪೈಲಟ್ ವರ್ಜೀನಿಯಾದಲ್ಲಿ ಇಳಿಸುತ್ತೇನೆ ಅಂದರೆ ಬೇಡ ಅಂದರು, ಮಗು ಟೆನೆಸ್ಸೀಯಲ್ಲೇ ಹುಟ್ಟಬೇಕು ಅಂತ. ಆ ವರ್ಷ ಟೂರ್ನಿಯಲ್ಲಿ ಇವರನ್ನು ಸೋಲಿಸಿದ್ದು ವರ್ಜೀನಿಯಾ ತಂಡವೇ. ಮಗ ಟೆನೆಸ್ಸೀಯಲ್ಲೇ ಹುಟ್ಟಿದ. ಮಿಶೆಲ್ ಮೊದಲು ನೊಟ್ರೆ ಡೇಮ್ ವಿಶ್ವವಿದ್ಯಾಲಯಕ್ಕೆ ಹೋದರು, ಆಮೇಲೆ ಟೆನೆಸ್ಸೀಗೇ ಬಂದು 1996ರ ಪ್ರಶಸ್ತಿಯಲ್ಲಿ ಮುಖ್ಯ ಆಟಗಾರ್ತಿಯಾದರು.

ಇಷ್ಟರಿಂದ ನಿಮ್ಮ ಭಯ ಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ.

ಆಟ ಬಿಟ್ಟವಳು

ಹೋಗಲಿಲ್ಲ. ಆದರೆ ಕೇಳಿಸಿಕೊಂಡಿದ್ದಕ್ಕೆ ಥ್ಯಾಂಕ್ಸ್.

ಹಳೇ ಸ್ಕೋರರ್

ಹುಡುಗಿಯರ ಪಂದ್ಯಕ್ಕೆ ಜನ ಬರುವುದಿಲ್ಲ ಅನ್ನುವವರಿಗೆ ಒಂದು ಮಾತು. 2017ರ ಜುಲೈನಲ್ಲಿ ನಮ್ಮ ಕಂಠೀರವದಲ್ಲೇ ಮಹಿಳಾ ಬಾಸ್ಕೆಟ್‌ಬಾಲ್ ಏಷ್ಯಾ ಕಪ್ ಡಿವಿಷನ್ ಬಿ ಫೈನಲ್ ನಡೆಯಿತು. ಭಾರತ ಕಜಕಸ್ತಾನವನ್ನು 75-73ರಿಂದ ಸೋಲಿಸಿತು. ಕೊನೆಯ ನಿಮಿಷದಲ್ಲಿ ನಾನು ನಿಂತೇ ಇದ್ದೆ, ಸುತ್ತಲಿನವರೂ ಕೂರಲಿಲ್ಲ. ಗಂಟಲು ಎರಡು ದಿನ ಹೋಗಿತ್ತು.

ಓದುಗಿ ಧಾರವಾಡ

ನನಗೆ ಬಾಸ್ಕೆಟ್‌ಬಾಲ್ ಗೊತ್ತಿಲ್ಲ. ಮೇಲೆ ಯಾರೋ ಅವರ ಕಾಯಿಲೆ ಅಂದಿರಲ್ಲ, ಏನಾಗಿತ್ತು? ಹುಡುಕಿ ನೋಡಿದರೆ ಅಲ್ಜೈಮರ್ ಅಂತ ಬಂತು. ಅಷ್ಟು ಚಿಕ್ಕ ವಯಸ್ಸಿಗೆ ಬರುತ್ತದೆಯೇ?

ನಾಕ್ಸ್‌ವಿಲ್ ಕನ್ನಡಿಗ

ಬರುತ್ತದೆ ಮೇಡಂ, ಅಪರೂಪಕ್ಕೆ. 65ಕ್ಕೂ ಮೊದಲು ಶುರುವಾಗುವ ಬಗೆ. ಅವರಿಗೆ ಮೊದಲು ಗೊತ್ತಾದದ್ದು ಕೆಲಸದಲ್ಲೇ. ಪಂದ್ಯದ ನಡುವೆ ಯಾವ ಆಟ ಕರೆಯಬೇಕು ಅನ್ನುವುದು ಹೊಳೆಯುತ್ತಿರಲಿಲ್ಲ. ಮೂವತ್ತೇಳು ವರ್ಷ ಕಣ್ಣು ಮುಚ್ಚಿಕೊಂಡು ಮಾಡಿದ ಕೆಲಸ ಅದು. 2011ರಲ್ಲಿ ಮೇಯೋ ಕ್ಲಿನಿಕ್‌ಗೆ ಹೋಗಿ ತೋರಿಸಿದರು. ಆಗ 58 ವರ್ಷ. ಆಗಸ್ಟ್‌ನಲ್ಲಿ ತಾವೇ ಎಲ್ಲರಿಗೂ ತಿಳಿಸಿದರು, ಮುಚ್ಚಿಡಲಿಲ್ಲ.

ಆಮೇಲೂ ಒಂದು ಸೀಸನ್ ಬೆಂಚಿನಲ್ಲಿ ಕೂತರು. ಆ ವರ್ಷದ ಪಂದ್ಯಗಳನ್ನು ನಾನು ಮರೆಯಲಾರೆ. ಅವರ ಹಳೇ ಆಟಗಾರ್ತಿ, ಬಹಳ ವರ್ಷದ ಸಹಾಯಕಿ ಹಾಲಿ ವಾರ್ಲಿಕ್ ಎದ್ದು ನಿಂತು ಕೂಗುತ್ತಿದ್ದರು, ಮೊದಲೆಲ್ಲ ಅಂಚಿನಲ್ಲಿ ನಿಂತು ಅಬ್ಬರಿಸುತ್ತಿದ್ದ ಪ್ಯಾಟ್ ಸುಮ್ಮನೆ ಕೂತು ನೋಡುತ್ತಿದ್ದರು. ಅಂಗಳದ ಹೆಸರೇ ಅವರದು, 2005ರಲ್ಲಿ ಡೀನ್ ಸ್ಮಿತ್‌ರ 879 ಗೆಲುವು ದಾಟಿದಾಗ ಇಟ್ಟದ್ದು. ತಮ್ಮ ಹೆಸರು ಬರೆದ ನೆಲದ ಪಕ್ಕ ಹಾಗೆ ಕೂತಿದ್ದರು. ಆ ವರ್ಷವೂ ತಂಡ ತಮ್ಮ ವಲಯದ ಟೂರ್ನಿ ಗೆದ್ದಿತು. ಕೊನೆಯ ಪಂದ್ಯ ಬೇಲರ್ ವಿರುದ್ಧ, 77-58, ಸೋಲು. ಬೇಲರ್ ಆ ವರ್ಷ ಆಡಿದ 40 ಪಂದ್ಯವನ್ನೂ ಗೆದ್ದಿತು. ಅದರ ಕೋಚ್ ಕಿಮ್ ಮಲ್ಕಿ, 1984ರ ಒಲಿಂಪಿಕ್ಸ್‌ನಲ್ಲಿ ಪ್ಯಾಟ್ ಕೈಕೆಳಗೆ ಆಡಿ ಚಿನ್ನ ಗೆದ್ದ ಹುಡುಗಿ. 2012ರ ಏಪ್ರಿಲ್‌ನಲ್ಲಿ ಪ್ಯಾಟ್ ಕೆಲಸ ಬಿಟ್ಟರು. 2016ರ ಜೂನ್ 28ರಂದು ಹೋದರು. 64 ವರ್ಷ. ಆವತ್ತು ಊರಿನ ಜನ ಅವರ ಪ್ರತಿಮೆಯ ಹತ್ತಿರ ಹೂವು ತಂದು ಇಡುತ್ತಿದ್ದರು. ನಾನೂ ನನ್ನ ಮಗಳನ್ನು ಕರೆದುಕೊಂಡು ಹೋಗಿದ್ದೆ.

ಯೂಕಾನ್ ಕಡೆಯವ

ಅವರು ಹೋದ ಮೇಲೆ ಟೆನೆಸ್ಸೀ ಕೋಚ್ ಕುರ್ಚಿಯಲ್ಲಿ ಕೂತವರ ಕಷ್ಟ ನೋಡಿದರೆ ಪ್ಯಾಟ್ ಎಷ್ಟು ದೊಡ್ಡವರು ಅಂತ ಗೊತ್ತಾಗುತ್ತದೆ. ವಾರ್ಲಿಕ್ 2019ರವರೆಗೆ, ಆಮೇಲೆ 1997ರ ಅದೇ ಪಾಯಿಂಟ್‌ಗಾರ್ಡ್ ಕೆಲ್ಲೀ ಜಾಲಿ, ಮದುವೆಯಾಗಿ ಕೆಲ್ಲೀ ಹಾರ್ಪರ್, 2024ರವರೆಗೆ. ಇಬ್ಬರೂ ಪ್ಯಾಟ್ ಬೆಳೆಸಿದವರೇ, ಇಬ್ಬರಿಗೂ ತಂಡವನ್ನು ಕೊನೆಯ ನಾಲ್ಕಕ್ಕೆ ಒಯ್ಯಲು ಆಗಲಿಲ್ಲ. ಎದುರಾಳಿಯಾಗಿ ಹೇಳುತ್ತಿದ್ದೇನೆ, ನನಗೆ ಆ ಹಳೇ ಟೆನೆಸ್ಸೀ ವಾಪಸ್ ಬೇಕು.

ಓದುಗಿ ಧಾರವಾಡ

ನಾಕ್ಸ್‌ವಿಲ್ ಸರ್, ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ನಾನು ಕೇಳಿದ್ದಕ್ಕೆ ಕಾರಣ ಇದೆ. ನಮ್ಮ ಅಮ್ಮನಿಗೆ 61. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಕಲಿಸಿದವರು, ಮಗ್ಗಿ ನಿದ್ದೆಯಲ್ಲೂ ಹೇಳುತ್ತಿದ್ದರು. ಈಗ ಹಾಲಿನ ಲೆಕ್ಕ ಬರೆಯುವಾಗ ತಡವರಿಸುತ್ತಾರೆ, ದಿನಾ ಮಾಡುವ ಸಾರಿಗೆ ಯಾವುದು ಮೊದಲು ಹಾಕಬೇಕು ಅಂತ ನಿಂತುಬಿಡುತ್ತಾರೆ. ವಯಸ್ಸು ಅಂತ ನಾವೆಲ್ಲ ಸುಮ್ಮನಿದ್ದೆವು. ಅಮ್ಮ ಮಾತ್ರ ಎರಡು ಮೂರು ಸಲ "ನನಗೇನೋ ಆಗ್ಯದ" ಅಂದರು, ನಾವು ಏನಿಲ್ಲ ಅಂದೆವು.

ಪಿಟಿ ಮೇಷ್ಟ್ರು, ಮಂಡ್ಯ ಜಿಲ್ಲೆ

ತಂಗಿ, ತಡ ಮಾಡಬೇಡಿ. ನರರೋಗದ ಡಾಕ್ಟರಿಗೆ ತೋರಿಸಿ. ಥೈರಾಯ್ಡ್, ಬಿ12 ಕಡಿಮೆ ಆದರೂ ಹೀಗಾಗುತ್ತದೆ, ಅದಕ್ಕೆ ಔಷಧಿ ಇದೆ. ನಮ್ಮ ದೊಡ್ಡಮ್ಮನಿಗೆ ಹಾಗೇ ಆಗಿ ಸರಿಹೋಯಿತು. ತೋರಿಸಿದರೆ ತಾನೇ ಗೊತ್ತಾಗುವುದು.

ಓದುಗಿ ಧಾರವಾಡ

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಡಾಕ್ಟರ ಟೈಮ್ ಸಿಕ್ಕಿದೆ ಅಣ್ಣ. ಅಮ್ಮನಿಗೆ ಹೇಳಿದೆ. ಬೇಜಾರು ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಏನೂ ಅನ್ನಲಿಲ್ಲ, ಹಳೇ ರಿಪೋರ್ಟುಗಳ ಕವರ್ ಹುಡುಕಿ ಬಾಗಿಲ ಹತ್ತಿರದ ಮೊಳೆಗೆ ತಗುಲಿಹಾಕಿದ್ದಾರೆ, ಹೋಗುವಾಗ ಮರೆಯಬಾರದು ಅಂತ.